ಜಮಖಾನದ ಮೇಲೆ ಕೂತವರು

ನನ್ನ ಬಳಿ ಮಾತಾಡಲು ಬಂದವರ ವಿಷಯವನ್ನು ನಾನು ಎಲ್ಲಿಯೂ ಬರೆಯುವುದಿಲ್ಲ. ಮನಶ್ಶಾಸ್ತ್ರಜ್ಞೆಯಾಗಿ ಕೆಲಸಕ್ಕೆ ಸೇರಿದ ದಿನವೇ ಈ ಬಗ್ಗೆ ಸಹಿ ಹಾಕಿದ್ದೇನೆ. ಹಾಕದಿದ್ದರೂ ಬರೆಯುತ್ತಿರಲಿಲ್ಲ, ನನ್ನ ಸ್ವಭಾವವೇ ಹಾಗೆ. ಆದರೆ ನನ್ನ ಸೋದರತ್ತೆ ನನ್ನ ಬಳಿ ಬಂದವಳಲ್ಲ, ನಾನೇ ಆಕೆಯ ಅಡುಗೆಮನೆಯಲ್ಲಿ ಬೆಳೆದವಳು. ನಿನ್ನ ವಿಷಯ ಬರೆಯಲೇ ಎಂದು ಫೋನಿನಲ್ಲಿ ಕೇಳಿದಾಗ ಆಕೆ ತುಸು ಯೋಚಿಸಿ ಒಪ್ಪಿದಳು, ಒಂದು ಷರತ್ತಿನ ಮೇಲೆ.

"ಬರಿ. ಆದ್ರ ನನಗ ಜರಾ ತೆಳ್ಳಗ ಬರಿ."

ಅತ್ತೆ ತೆಳ್ಳಗಿದ್ದಾಳೆ. ಷರತ್ತು ಪೂರೈಸಿದಂತಾಯಿತು, ಮುಂದುವರಿಯುತ್ತೇನೆ.

ಕಲಬುರಗಿಯಲ್ಲಿ ಎಂ.ಎಸ್ಸಿ. ಮುಗಿಸಿದ ಮೇಲೆ ನಾನು ಸ್ಕಾಟ್ಲೆಂಡಿಗೆ ಹೋಗಿ ವ್ಯಕ್ತಿಕೇಂದ್ರಿತ ಚಿಕಿತ್ಸೆಯನ್ನು ಕಲಿತೆ. ಆಮೇಲೆ ಐರ್ಲೆಂಡಿನಲ್ಲಿ ಕೆಲವು ಕಾಲ ಕೆಲಸ ಮಾಡಿದೆ. ಈಗ ನೆದರ್ಲೆಂಡ್ಸಿನ ಒಂದು ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ಮಾತು ಕೇಳುತ್ತೇನೆ. ಈ ಪದ್ಧತಿಯಲ್ಲಿ ಸಲಹೆ ಕೊಡುವಂತಿಲ್ಲ. ಎದುರಿಗೆ ಕೂತವರ ಬದುಕು ಅವರಿಗೇ ಚೆನ್ನಾಗಿ ಗೊತ್ತು ಎಂದು ನಂಬಬೇಕು. ಅವರನ್ನು ತೂಗಿ ನೋಡದೆ ಒಪ್ಪಿಕೊಳ್ಳಬೇಕು, ಒಪ್ಪಿಕೊಂಡಂತೆ ನಟಿಸಬಾರದು. ಅವರು ಹೇಳಿದ್ದನ್ನು ಅವರ ಜಾಗದಲ್ಲಿ ನಿಂತು ಅರ್ಥಮಾಡಿಕೊಂಡು, ಅದೇ ಮಾತನ್ನು ತಿರುಗಿ ಅವರ ಮುಂದಿಡಬೇಕು. ತನ್ನ ಮಾತನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಮನುಷ್ಯನಿಗೆ ಏನೋ ಹೊಳೆಯುತ್ತದೆ. ಇಷ್ಟೇ.

ಇದನ್ನು ಹೇಳಲು ಅರ್ಧ ನಿಮಿಷ ಸಾಕು. ಚಿತ್ತಾಪುರದಲ್ಲಿ ಹುಟ್ಟಿದವಳಿಗೆ ಕಲಿಯಲು ಎರಡು ವರ್ಷ ಬೇಕಾಯಿತು. ನಮ್ಮ ಕಡೆ ಸಲಹೆ ಕೊಡದಿರುವುದು ಮನೆಗೆ ಬಂದವರಿಗೆ ನೀರು ಕೊಡದಿರುವಷ್ಟೇ ಒರಟುತನ. ಬಸ್ಸಿನಲ್ಲಿ ಪಕ್ಕ ಕೂತವರು ಸೇಡಂ ಬರುವುದರೊಳಗೆ ನಿಮ್ಮ ಮೊಣಕಾಲಿಗೊಂದು, ಮದುವೆಗೊಂದು, ಬೋರ್‌ವೆಲ್ಲಿಗೊಂದು ಉಪಾಯ ಹೇಳಿ ಇಳಿದುಹೋಗುತ್ತಾರೆ. ತರಬೇತಿಯ ಮೊದಲ ತಿಂಗಳು ಸಹಪಾಠಿಗಳೊಂದಿಗೆ ಅಭ್ಯಾಸ ಮಾಡಿ, ಆ ಮಾತುಕತೆಯನ್ನು ಧ್ವನಿಮುದ್ರಿಸಿ, ಅಕ್ಷರಕ್ಕಿಳಿಸಿ ಗುರುಗಳಿಗೆ ಒಪ್ಪಿಸಬೇಕಿತ್ತು. ಗುರು ಎಪ್ಪತ್ತು ದಾಟಿದ ಹೆಂಗಸು. ನಾವು ಸಲಹೆ ಕೊಟ್ಟ ಕಡೆಯಲ್ಲೆಲ್ಲ ಕೆಂಪು ಗೆರೆ ಎಳೆಯುತ್ತಿದ್ದರು. ನನ್ನ ಮೊದಲ ಪುಟದಲ್ಲಿ ಮೊದಲ ಸಾಲಿಗೇ ಗೆರೆ ಬಿದ್ದಿತ್ತು. ನಾನು ಸಹಪಾಠಿಯನ್ನು "ಊಟ ಆಯಿತಾ?" ಎಂದು ಕೇಳಿದ್ದೆ. ಇಲ್ಲವೆಂದಾಗ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೊರಬೀಳಬಾರದು ಎಂದು ನಾಲ್ಕು ಸಾಲು ಹೇಳಿದ್ದೆ. ನಾಲ್ಕೂ ಕೆಂಪು.

"ಸಲಹೆ ಬಾಯಿಗೆ ಬಂದಾಗಲೆಲ್ಲ ಒಂದು ಗುಟುಕು ನೀರು ಕುಡಿ," ಎಂದರು ಗುರು.

ಆ ವರ್ಷ ನಾನು ಕುಡಿದಷ್ಟು ನೀರನ್ನು ಯಾರೂ ಕುಡಿದಿರಲಾರರು. ಅಭ್ಯಾಸದ ನಡುವೆಯೇ ಎರಡು ಸಲ ಎದ್ದು ಹೊರಗೆ ಹೋಗಬೇಕಾಗುತ್ತಿತ್ತು. ಈಗ ಆ ಮಟ್ಟಿಗಿಲ್ಲ. ಆದರೂ ಬಾಟಲಿ ಕೈಯಲ್ಲಿರುತ್ತದೆ, ಊರಿಗೆ ಬಂದಾಗಲಂತೂ ತುಂಬಿದ ಬಾಟಲಿ. ಇದರ ಗುಟ್ಟು ಗೊತ್ತಿರುವುದು ಅತ್ತೆಯೊಬ್ಬಳಿಗೇ.

ಕಳೆದ ಡಿಸೆಂಬರಿನಲ್ಲಿ ರಜೆಗೆ ಬಂದೆ. ಕಾಕಾ, ಅಂದರೆ ಅಪ್ಪನ ತಮ್ಮ, ವಾಡಿ ಜಂಕ್ಷನ್ನಿನಲ್ಲಿ ರೈಲ್ವೆ ನೌಕರ. ಪ್ಲಾಟ್‌ಫಾರ್ಮಿನಲ್ಲಿ ನನ್ನ ಸೂಟ್‌ಕೇಸ್ ಇಳಿಸಿಕೊಳ್ಳುತ್ತಲೇ ಶುರು ಮಾಡಿದ.

"ಬರೋಬರಿ ಟೈಮಿಗಿ ಬಂದಿ. ನಿಮ್ಮತ್ತಿ ತಲಿ ಕೆಟ್ಟದ. ನೀ ಮಾಡೋ ಕೆಲಸಾನೇ ಅದಲ್ಲ, ಜರಾ ರಿಪೇರಿ ಮಾಡು."

ಸಂಗತಿ ಇದು. ಅತ್ತೆ ಅಪ್ಪನ ತಂಗಿ, ಕಾಕಾನ ಅಕ್ಕ. ಇಪ್ಪತ್ತೆರಡಕ್ಕೆ ಗಂಡನನ್ನು ಕಳೆದುಕೊಂಡು ಚಿತ್ತಾಪುರದ ತವರಿಗೆ ಬಂದವಳು, ಇಪ್ಪತ್ತೈದು ವರ್ಷದಿಂದ ನಮ್ಮೆಲ್ಲರಿಗೂ ರೊಟ್ಟಿ ಬಡಿದಿದ್ದಾಳೆ. ಆ ನಡುವೆ ಅಂಚೆಯ ಮೂಲಕ ಬಿ.ಎ. ಮಾಡಿಕೊಂಡಳು. ಆಕೆಯ ಪುಸ್ತಕಗಳು ರೊಟ್ಟಿ ಬುಟ್ಟಿಯ ಪಕ್ಕದಲ್ಲಿರುತ್ತಿದ್ದವು, ಪರೀಕ್ಷೆ ಪಾಸಾದದ್ದು ಮನೆಯವರಿಗೆ ಗೊತ್ತಾದದ್ದು ಅಂಕಪಟ್ಟಿ ಬಂದ ಮೇಲೆಯೇ. ಈಗ ಚಿಂಚೋಳಿಯಲ್ಲಿ ಯಾರೋ ನಡೆಸುವ ಹೆಣ್ಣುಮಕ್ಕಳ ವಸತಿನಿಲಯಕ್ಕೆ ವಾರ್ಡನ್ ಬೇಕಾಗಿತ್ತು. ಅತ್ತೆ ಅರ್ಜಿ ಹಾಕಿ, ಸೇಡಂನಲ್ಲಿ ಹಲ್ಲು ತೋರಿಸಿಕೊಂಡು ಬರುತ್ತೇನೆಂದು ಹೇಳಿ ಸಂದರ್ಶನಕ್ಕೂ ಹೋಗಿಬಂದು, ಕೆಲಸ ಸಿಕ್ಕಿದ ಮೇಲೆ ಬಾಯಿಬಿಟ್ಟಿದ್ದಳು. ಸೋಮವಾರ, ತಪ್ಪಿದರೆ ಮಂಗಳವಾರ ಸಂಜೆಯೊಳಗೆ ಹಾಜರಾಗಬೇಕು. ಇಲ್ಲದಿದ್ದರೆ ಕೆಲಸ ಪಟ್ಟಿಯಲ್ಲಿ ಎರಡನೆಯವರಿಗೆ. ನಾನು ಬಂದಿಳಿದದ್ದು ಗುರುವಾರ.

"ಕಾಕಾ, ಮನ್ಯಾಗಿನೋರಿಗಿ ನಾ ಮಾಡಂಗಿಲ್ಲ. ನಿಯಮ ಅದ."

"ಹೊರಗಿನ ಮಂದಿಗಿ ಮಾಡ್ತಿ. ಮನ್ಯಾಗಿನೋರು ಏನ್ ಪಾಪ ಮಾಡ್ಯಾರ?"

"ಬುದ್ಧಿ ಹೇಳೋದು ನನ್ನ ಕೆಲಸ ಅಲ್ಲ. ಕೇಳೋದು, ಅಷ್ಟೇ."

ಕಾಕಾ ಸೂಟ್‌ಕೇಸ್ ಕೆಳಗಿಟ್ಟ. "ಬರೇ ಕೇಳ್ಲಿಕ್ಕ ಮೂರು ದೇಶದಾಗ ಪಗಾರ ಕೊಟ್ಟಾರ? ನಮ್ಮ ಮನಿ ಮುಂದಿನ ಬೇವಿನ ಗಿಡನೂ ಕೇಳ್ತದ. ಅದಕ್ಕ ಯಾರು ಕೊಡ್ತಾರ?"

ನಾನು ನೀರು ಕುಡಿದೆ.

ಕಾಕಾನಿಗೆ ಮದುವೆಯಾಗಿಲ್ಲ. ದಿನಾ ಬೆಳಿಗ್ಗೆ ಅತ್ತೆ ಕಟ್ಟಿಕೊಟ್ಟ ಡಬ್ಬಿ ಹಿಡಿದು ಚಿತ್ತಾಪುರದಿಂದ ರೈಲು ಹತ್ತುತ್ತಾನೆ. ವಾಡಿಯಲ್ಲಿ ಆ ಡಬ್ಬಿಯ ಮುಚ್ಚಳ ತೆಗೆದರೆ ನಾಲ್ಕು ಜನ ಸುತ್ತ ಬರುತ್ತಾರಂತೆ. ಅವನ ಚಿಂತೆ ಅತ್ತೆಯ ತಲೆಯ ಬಗ್ಗೆ ಎಷ್ಟಿತ್ತು, ಡಬ್ಬಿಯ ಬಗ್ಗೆ ಎಷ್ಟಿತ್ತು ಎಂದು ನಾನು ಊಹಿಸಬಾರದು. ಊಹಿಸಿದೆ.

ಮನೆಗೆ ಬಂದರೆ ಅಪ್ಪನದೂ ಅದೇ ಒತ್ತಾಯ. ಕಡೆಗೆ ನಾನು ಒಂದು ದಾರಿ ಹುಡುಕಿದೆ. ಚಿಕಿತ್ಸೆ ಮಾಡುವುದಿಲ್ಲ, ತೀರ್ಪು ಹೇಳುವುದಿಲ್ಲ, ಯಾರ ಕಡೆಯೂ ಸೇರುವುದಿಲ್ಲ. ಎಲ್ಲರೂ ಒಂದು ಕಡೆ ಕೂತು ಒಬ್ಬರಾದ ಮೇಲೆ ಒಬ್ಬರು ಮಾತಾಡಲಿ, ನಾನು ಕೇಳಿಸಿಕೊಳ್ಳುತ್ತೇನೆ. ಎಲ್ಲರೂ ಕೂಡಲೇ ಒಪ್ಪಿದರು. ನಮ್ಮ ಮನೆಯಲ್ಲಿ ಎಲ್ಲರೂ ಕೂಡಲೇ ಒಪ್ಪಿದರೆಂದರೆ ಯಾರೂ ಕೇಳಿಸಿಕೊಂಡಿಲ್ಲ ಎಂದು ಅರ್ಥ. ಅದು ನನಗೆ ಹೊಳೆಯಬೇಕಿತ್ತು.

ಶುಕ್ರವಾರ ನಾಲ್ಕು ಗಂಟೆಗೆ ಗುಂಡಗುರ್ತಿಯಿಂದ ಮುತ್ಯಾ ಬಂದರು. ಅವರು ಅಪ್ಪನ ಸೋದರಮಾವ, ಹಣೆತುಂಬ ವಿಭೂತಿ, ಎಂಬತ್ತರ ಹತ್ತಿರದ ವಯಸ್ಸು. ಊರವರ ಬದುವಿನ ಜಗಳ, ಬಾವಿಯ ಜಗಳ, ಅತ್ತೆ ಸೊಸೆಯರ ಜಗಳ ಎಲ್ಲದಕ್ಕೂ ನ್ಯಾಯಕ್ಕೆ ಕೂರುತ್ತಿದ್ದವರು. ಅವರಿಲ್ಲದೆ ನಮ್ಮ ಮನೆಯಲ್ಲಿ ಎಮ್ಮೆಯನ್ನೂ ಕೊಂಡಿಲ್ಲ.

ನಮ್ಮ ಪಡಸಾಲೆಯಲ್ಲಿ ಕೂರುವ ಕ್ರಮ ಗೊತ್ತಿರುವಂಥದ್ದೇ: ಗಂಡಸರು ಮಂಚದ ಮೇಲೆ, ಅವ್ವ ಬಾಗಿಲ ಹತ್ತಿರ, ಅತ್ತೆ ಒಳಗೆ. ನಾನು ಕಲಿತ ವಿದ್ಯೆಯ ಪ್ರಕಾರ ಎಲ್ಲರೂ ಒಂದೇ ಎತ್ತರದಲ್ಲಿ, ದುಂಡಗೆ ಕೂರಬೇಕು. ಮಂಚ ಸರಿಸಿ ನೆಲಕ್ಕೆ ಜಮಖಾನ ಹಾಸಿದೆ. ಮುತ್ಯಾ ಅದನ್ನು ಆಸಕ್ತಿಯಿಂದ ನೋಡಿದರು.

"ಹಳೇ ರೀತಿ. ನಮ್ಮಪ್ಪ ಹಿಂಗೇ ಕುಂದರ್ತಿದ್ದ," ಎಂದರು. ಆ ರೀತಿಯನ್ನು ನಾನು ಸ್ಕಾಟ್ಲೆಂಡಿನ ಎಡಿನ್‌ಬರೋದಿಂದ ತಂದದ್ದು ಎಂದು ಹೇಳಲಿಲ್ಲ.

ಅಪ್ಪ ಮೊದಲು ಮಾತಾಡಿದರು. ಶಹಾಬಾದದಲ್ಲಿ ಅವರಿಗೆ ನೆಲಕ್ಕೆ ಹಾಸುವ ಫರಸಿ ಕಲ್ಲಿಗೆ ಪಾಲಿಶ್ ಮಾಡುವ ಸಣ್ಣ ಕಾರ್ಖಾನೆಯಿದೆ. ನಾಲ್ಕು ಜನರೆದುರು ತೂಕದಿಂದ ಮಾತಾಡಿ ರೂಢಿ. "ನಾ ಇಷ್ಟು ಮಂದಿಗಿ ಕೆಲಸ ಕೊಟ್ಟೀನಿ. ನನ್ನ ತಂಗಿನೇ ಮಂದಿ ಕೈಯಾಗ ದುಡೀಲಿಕ್ಕ ಹೋದ್ರ ನಾಳಿ ನಾ ಶಹಾಬಾದದಾಗ ಮುಖ ಹ್ಯಾಂಗ ತೋರಸ್ಲಿ? ಅಣ್ಣಗ ಭಾರ ಆಗಿದ್ಳು ಅಂತಾರ."

ಅವ್ವ ಬಾಗಿಲ ಕಡೆಯಿಂದ ಸರಿದು ಬಂದು ಕೂತಿದ್ದಳು. ಪ್ರಾಥಮಿಕ ಶಾಲೆಯ ಶಿಕ್ಷಕಿ, ತಪ್ಪು ಉತ್ತರ ಕಿವಿಗೆ ಬಿದ್ದರೆ ಸುಮ್ಮನಿರಲಾರಳು. "ಬಸವ ಜಯಂತಿಗಿ ಕಾಯಕದ ಮ್ಯಾಲ ಒಂದು ತಾಸು ಭಾಷಣ ಮಾಡಿದ್ರಿ. ಮೈಕ್ ಕಸ್ಕೊಳ್ಳೋದು ಕಠಿಣ ಆಗಿತ್ತು. ತಂಗಿ ಕಾಯಕಕ್ಕ ಹೋಗ್ತೀನಿ ಅಂದ್ರ ಮಂದಿ ನೆನಪಾದ್ರೇನು?"

"ಅವ್ವಾ, ಒಬ್ಬೊಬ್ಬರೇ," ಎಂದು ನಾನು ಅಪ್ಪನ ಕಡೆ ತಿರುಗಿದೆ. "ಅತ್ತಿ ಹೋದ್ರ, ಅಣ್ಣಗ ಭಾರ ಆಗಿದ್ಳು ಅಂತ ಮಂದಿ ಅಂತಾರ, ಅದು ನಿಮಗ ಚುಚ್ಚಲಿಕತ್ತದ."

ಅಪ್ಪನ ಮುಖ ಅರಳಿತು. ಅವರು ಸುತ್ತಲೂ ನೋಡಿದರು. ತಮ್ಮ ಮಾತು ಅರ್ಥವಾಯಿತೆಂಬ ಸಮಾಧಾನ ಅದು ಎಂದುಕೊಂಡು ನಾನು ಒಳಗೊಳಗೇ ಹಿಗ್ಗಿದೆ.

ಅವ್ವನ ಸರದಿ. ಆಕೆಗೆ ಅತ್ತೆ ಹೋಗುವುದರ ಬಗ್ಗೆ ತಕರಾರಿಲ್ಲ, ಈಗ ಹೋಗುವುದರ ಬಗ್ಗೆ ಇದೆ. "ಎಳ್ಳ ಅಮಾಸಿ ಬಂತು. ಹೊಲಕ್ಕ ಮೂವತ್ತು ಮಂದಿ ಬರ್ತಾರ. ಎಲ್ಲಾ ಕಾಯಿಪಲ್ಯಾ ಕೂಡಿಸಿ ಭಜ್ಜಿ ಯಾರು ಮಾಡೋರು? ನಾ ಮಾಡಿದ್ರ ಆ ಮೂವತ್ತು ಮಂದಿ ಮುಂದಿನ ವರ್ಷ ಬರಂಗಿಲ್ಲ."

"ಹಬ್ಬ ಆದ ಮ್ಯಾಲ ಹೋದ್ರ ಛಲೋ ಅಂತ ನಿನಗ ಅನಸ್ಯಾದ." ಅವ್ವ ತಲೆಯಾಡಿಸಿ, ಗೆದ್ದವಳಂತೆ ಸೆರಗು ಸರಿಮಾಡಿಕೊಂಡಳು.

ಕಾಕಾನದು ಆರೋಗ್ಯದ ಪ್ರಶ್ನೆ. ಅತ್ತೆಗೆ ಚಿಂಚೋಳಿಯ ಹವಾ ಒಗ್ಗುವುದಿಲ್ಲ, ಅಲ್ಲಿ ಕಾಡು ಹತ್ತಿರ, ಚಳಿ ಜಾಸ್ತಿ. ಅವನು ಡಬ್ಬಿಯ ಹೆಸರೆತ್ತಲಿಲ್ಲ. "ಅತ್ತಿ ತಬ್ಬೇತ್ ಬಗ್ಗೆ ನಿನಗ ಭಾಳ ಕಾಳಜಿ ಆಗ್ಯಾದ," ಎಂದೆ. ಅವನು ಅಪ್ಪನ ತೊಡೆ ತಟ್ಟಿದ.

ಈ ಹೊತ್ತಿಗೆ ಅತ್ತೆ ಎರಡು ಸಲ ಚಹಾ ತಂದು ಕೊಟ್ಟು ಒಳಗೆ ಹೋಗಿದ್ದಳು. ಕೂರು ಎಂದರೆ "ಹಾಲು ಒಲಿ ಮ್ಯಾಲದ" ಅನ್ನುತ್ತಿದ್ದಳು. ಎಲ್ಲರ ಮಾತು ಮುಗಿಯಿತು. ಮೂರನೆಯ ಸಲ ಚಹಾ ತಂದು ಕೊಟ್ಟಳು. ತಟ್ಟೆಯನ್ನು ಗೋಡೆಗೆ ಒರಗಿಸಿ, ಸೆರಗಿಗೆ ಕೈ ಒರೆಸಿಕೊಂಡು, ನಾನೂ ಮುತ್ಯಾನೂ ಕೂತ ನಡುವಿನ ಜಾಗದಲ್ಲಿ ಜಮಖಾನದ ಮೇಲೆ ಕೂತಳು. ಅಪ್ಪ, ಕಾಕಾ ಆಗಲೇ ತೊಗರಿಯ ಬೆಲೆಯ ಮಾತಿಗೆ, ಅವ್ವ ಹಬ್ಬದ ಲೆಕ್ಕಕ್ಕೆ ಹೋಗಿದ್ದರು.

"ನನಗ ಹೋಗ್ಬೇಕಂತ ಅನಸ್ಯಾದ," ಎಂದಳು ಅತ್ತೆ. ಅಷ್ಟೇ. ಕಾರಣ ಕೊಡಲಿಲ್ಲ.

ನಾನು ಹೇಳಿದೆ: "ಸೋಮವಾರ ಹೋಗ್ಬೇಕಂತ ನಿನಗ ಅನಸ್ಯಾದ."

ಮುತ್ಯಾ ಮೊಣಕಾಲಿನ ಮೇಲೆ ಕೈಯಿಟ್ಟು ಎದ್ದರು. "ಆತು," ಎಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಬಸ್ಸಿಗೆ ತಡವಾಗಿರಬೇಕು ಎಂದುಕೊಂಡೆ.

ಶನಿವಾರ ಮನೆಯಲ್ಲಿ ಎಲ್ಲರೂ ಇಷ್ಟು ಖುಷಿಯಾಗಿದ್ದದ್ದನ್ನು ನಾನು ಯಾವ ಹಬ್ಬದಲ್ಲೂ ಕಂಡಿರಲಿಲ್ಲ. ಅಪ್ಪ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದರು: "ಮಗಳು ನನ್ನ ಮಾತೇ ಎತ್ತಿ ಹಿಡಿದ್ಳು. ಎಲ್ಲರ ಮುಂದ ಹೇಳಿದ್ಳು." ಅವ್ವ ಎಳ್ಳಮಾವಾಸ್ಯೆಗೆ ಎಷ್ಟು ಸಜ್ಜೆ ಹಿಟ್ಟು ಬೇಕೆಂದು ಅತ್ತೆಯನ್ನು ಕೇಳುತ್ತಿದ್ದಳು. ಕಾಕಾ ವಾಡಿಯಿಂದ ಬರುವಾಗ ನನಗೆ ಒಂದು ಡಜನ್ ಬಾಳೆಹಣ್ಣು ತಂದ. "ಮೂರು ದೇಶ ಸುಮ್ಮ ತಿರಗಿಲ್ಲ ನೀ," ಎಂದ.

ಆಗ ನನಗೆ ನಿಧಾನವಾಗಿ ಅರ್ಥವಾಯಿತು. ನಾನು ಅವರವರ ಮಾತನ್ನು ತಿರುಗಿ ಹೇಳಿದ್ದೆ. ಅವರು ಅದನ್ನು ತೀರ್ಪು ಎಂದು ತಿಳಿದಿದ್ದರು. ಬೇರೆ ಮೂರು ದೇಶಗಳಲ್ಲಿ ಯಾರೂ ಹೀಗೆ ತಿಳಿದಿರಲಿಲ್ಲ. ಅಲ್ಲಿ ನನ್ನ ಬಾಯಿಂದ ತಮ್ಮ ಮಾತು ಕೇಳಿದವರು ಸುಮ್ಮನೆ ಕೂತು ಯೋಚಿಸುತ್ತಿದ್ದರು. ಇಲ್ಲಿ ಬಾಳೆಹಣ್ಣು ತಂದರು.

ಅಲ್ಲಗಳೆಯೋಣವೆಂದರೆ ಅದೂ ಸುಲಭವಿರಲಿಲ್ಲ. ನಾನು ನಿಮ್ಮ ಕಡೆಯಲ್ಲ ಎಂದು ಅಪ್ಪನಿಗೆ ಹೇಳಿದರೆ, ಹಾಗಾದರೆ ಯಾರ ಕಡೆ ಎನ್ನುತ್ತಾರೆ. ಯಾರ ಕಡೆಯೂ ಅಲ್ಲ ಎನ್ನುವ ಉತ್ತರಕ್ಕೆ ನಮ್ಮ ಭಾಗದಲ್ಲಿ ಜಾಗವಿಲ್ಲ. ಚುನಾವಣೆಯಲ್ಲಿ ನಿಲ್ಲುವವರು ಮಾತ್ರ ಅದನ್ನು ಹೇಳುತ್ತಾರೆ. ನಾನು ಸುಮ್ಮನಿದ್ದೆ. ಸುಮ್ಮನಿದ್ದಷ್ಟೂ ಮೂವರಿಗೂ ನನ್ನ ಮೇಲೆ ನಂಬಿಕೆ ಹೆಚ್ಚಾಯಿತು.

ಭಾನುವಾರ ಮಧ್ಯಾಹ್ನ ಅಪ್ಪ ನೀರು ಕುಡಿಯಲು ಒಳಗೆ ಹೋದವರು ಟ್ರಂಕು ನೋಡಿದರು. ಅತ್ತೆ ಸೀರೆಗಳನ್ನು ಮಡಚಿ ಇಡುತ್ತಿದ್ದಳು.

"ಇದೇನು?"

"ನಾಳಿ ಹೋಗ್ಬೇಕಲ್ಲ."

"ಎಲ್ಲಿಗಿ? ನ್ಯಾಯ ಆಗಿಲ್ಲೇನು ಮೊನ್ನಿ?"

"ಆಗ್ಯಾದ. ಮಾಮಾಗ ಕೇಳು."

ಅಪ್ಪ ಗುಂಡಗುರ್ತಿಗೆ ಫೋನ್ ಹಚ್ಚಿದರು. ಮುತ್ಯಾನಿಗೆ ಕಿವಿ ಮಂದ, ಆದ್ದರಿಂದ ಅವರು ಕೂಗಿಯೇ ಮಾತಾಡುತ್ತಾರೆ. ನಾವೆಲ್ಲ ಸುತ್ತ ನಿಂತಿದ್ದೆವು.

"ಏನ್ ಕೇಳ್ತಿ? ನ್ಯಾಯಕ್ಕ ಕುಂತಾವ ಯಾರ ಮಾತು ತಿರುಗಿ ಹೇಳ್ತಾನ, ಆ ಮಾತು ಒಪ್ಪಿದ್ಹಂಗ. ಎಲ್ಲಾರದೂ ಹೇಳಿದ್ರ, ಕಡೀಗಿ ಹೇಳಿದ್ದು ನಿಲ್ತದ. ನಿಮ್ಮಪ್ಪ ನನ್ನ ಬಾಜೂಕ ಕುಂತು ನಡೆಸ್ತಿದ್ದ, ನೀ ಮರ್ತ್ಯಾ? ನಿನ್ನ ಮಗಳು ಛಂದ ನಡೆಸಿದ್ಳು. ಸುಮ್ಮ ಹೆಚ್ಚಿಗಿ ಮಾತಾಡಲಿಲ್ಲ."

"ಮಾಮಾ, ಆಕಿ ಚಾ ಕೊಡ್ಲಿಕ್ಕ ಬಂದಿದ್ಳು."

"ಚಾ ಕೊಟ್ಟು ಕುಂತ್ಳು. ಜಮಖಾನಿ ಮ್ಯಾಲ ಕುಂತೋರು ನ್ಯಾಯದಾಗ ಇದ್ದೋರು. ನಾ ನೋಡೀನಿ. ನೀ ತೊಗರಿ ಮಾತಾಡ್ಲಿಕತ್ತಿದ್ದಿ."

ಫೋನ್ ಇಟ್ಟ ಮೇಲೆ ಅಪ್ಪ ನನ್ನ ಕಡೆ ತಿರುಗಿದರು. "ನೀ ಹೇಳು. ಖರೇ ಹೇಳು. ಯಾರ ಕಡಿ ನೀ?"

ಎಲ್ಲರೂ ನನ್ನನ್ನೇ ನೋಡಿದರು. ಬಾಯಲ್ಲಿ ಒಂದಲ್ಲ, ಹತ್ತು ಸಲಹೆಗಳು ಸಾಲುಗಟ್ಟಿದ್ದವು.

"ಆಕಿಗಿ ನೀರು ಕೊಡ್ರಿ," ಎಂದಳು ಅತ್ತೆ.

ಕುಡಿದೆ. ಅಪ್ಪ ಟ್ರಂಕಿನ ಪಕ್ಕದ ಚೀಲದ ಮೇಲೆ ಕೂತರು. ಅಲ್ಲಿ ಅವರು ಕೂತದ್ದನ್ನು ನಾನು ನೋಡಿದ್ದೇ ಇಲ್ಲ. ಶಹಾಬಾದದ ಮಂದಿಯ ಮಾತು ಬರಲಿಲ್ಲ. ಯಾರಿಗೂ ಅಲ್ಲ ಎನ್ನುವಂತೆ ಹೇಳಿದರು: "ಸಂಜೀಕಿ ಪೇಪರ್ ಯಾರಿಗಿ ಓದ್ಲಿ ನಾ?"

ದಿನಾ ಸಂಜೆ ಅತ್ತೆ ರೊಟ್ಟಿ ಬಡಿಯುವಾಗ ಅಪ್ಪ ಅಡುಗೆಮನೆಯ ಹೊಸ್ತಿಲ ಹೊರಗೆ ಕುರ್ಚಿ ಹಾಕಿಕೊಂಡು ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಾರೆ. ಅವರು ತಮಗಾಗಿ ಓದಿಕೊಳ್ಳುತ್ತಾರೆ ಎಂದು ನಾವೆಲ್ಲ ತಿಳಿದಿದ್ದೆವು.

ನಾನು ಏನೋ ಹೇಳಲು ಹೊರಟೆ. ಅತ್ತೆ ನನಗಿಂತ ಮೊದಲೇ ಹೇಳಿದಳು, ಸೀರೆ ಮಡಚುವುದನ್ನು ನಿಲ್ಲಿಸದೆ. "ಸಂಜೀಕಿ ಪೇಪರ್ ಓದಿದ್ರ ಕೇಳ್ಲಿಕ್ಕ ಯಾರೂ ಇರಂಗಿಲ್ಲಂತ ನಿನಗ ಅನಸ್ಲಿಕತ್ತದ."

ಚಿತ್ತಾಪುರದ ನಮ್ಮ ಮನೆಯಲ್ಲಿ ಒಂದು ನಿಮಿಷ ಯಾರೂ ಮಾತಾಡಲಿಲ್ಲ, ಚಹಾ ಬೇಕೇ ಎಂದೂ ಕೇಳಲಿಲ್ಲ. ಲಿಸ್ಬನ್ನಿನ ಒಂದು ಸಮ್ಮೇಳನದಲ್ಲಿ ನಾನು ಮೌನದ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಇಂಥ ಮೌನ ನನಗೆ ಎಲ್ಲೂ ಸಿಕ್ಕಿರಲಿಲ್ಲ.

"ಟ್ರಂಕಿನ ಕೀಲಿ ಗಟ್ಟಿ ಇಲ್ಲ," ಎಂದರು ಅಪ್ಪ ಕಡೆಗೆ. "ತಡಿ, ಹಗ್ಗ ತರ್ತೀನಿ."

ಸೋಮವಾರ ನಾನೇ ಅತ್ತೆಯ ಜೊತೆ ಹೊರಟೆ. ಸೇಡಂತನಕ ರೈಲು, ಅಲ್ಲಿಂದ ಚಿಂಚೋಳಿಗೆ ಬಸ್ಸು. ಬಸ್ಸಿನ ಕಿಟಕಿಯ ಹೊರಗೆ ತೊಗರಿ ಹಳದಿಯಾಗಿತ್ತು. ಹಗ್ಗ ಬಿಗಿದ ಟ್ರಂಕು ನಮ್ಮ ಕಾಲ ಬಳಿ. ಅಪ್ಪ ಮೂರು ಗಂಟು ಹಾಕಿದ್ದರು.

"ಅತ್ತಿ, ಕಡೀಗಿ ಹೇಳಿದ್ದು ನಿಲ್ತದ ಅನ್ನೋದು ನಿನಗ ಮೊದಲೇ ಗೊತ್ತಿತ್ತು."

"ನಮ್ಮಪ್ಪನ ಕಾಲದಾಗ ಎಷ್ಟು ನ್ಯಾಯಕ್ಕ ಚಾ ಕೊಟ್ಟೀನಿ. ಚಾ ಕೊಡೋರಿಗಿ ಕಿವಿ ಇರಂಗಿಲ್ಲಂತ ತಿಳ್ಕೊಂಡಾರ."

"ಅದಕ್ಕೇ ಹಾಲು ಒಲಿ ಮ್ಯಾಲಿತ್ತು."

"ಹಾಲು ಇದ್ದಿಲ್ಲ. ಮುಂಜಾನೇನೆ ತೀರಿತ್ತು. ಮೂರೂ ಸಲ ಚಾ ಪುಡಿ ಹಾಲಿಂದೇ, ನಿನಗ ಗೊತ್ತಾಗಿಲ್ಲ."

ಗೊತ್ತಾಗಿರಲಿಲ್ಲ. ನಾನು ತೀರಾ ಗಮನವಿಟ್ಟು ಕೇಳಿಸಿಕೊಳ್ಳುತ್ತಿದ್ದೆ.

ಸ್ವಲ್ಪ ದೂರ ಹೋದ ಮೇಲೆ ಅತ್ತೆ ಹೊರಗೆ ನೋಡುತ್ತಲೇ ಹೇಳಿದಳು. "ನೀ ಸೋಮವಾರ ಅಂದಿ."

"ಏನು?"

"ನಾ ಹೋಗ್ಬೇಕು ಅಂದೀನಿ. ಸೋಮವಾರ ಅಂತ ನಾ ಅಂದಿದ್ದಿಲ್ಲ. ಮಂಗಳವಾರನೂ ಟೈಮ್ ಇತ್ತು. ನೀ ಸೇರಿಸಿದಿ."

ಇದು ನಿಜ. ಆ ಒಂದು ಪದವನ್ನು ನಾನು ಸೇರಿಸಿದ್ದೆ. ಇನ್ನೊಂದು ದಿನ ತಡವಾದರೆ ಅವ್ವನ ಭಜ್ಜಿ, ಕಾಕಾನ ಚಳಿ ಎಲ್ಲ ಸೇರಿ ಆಕೆಯನ್ನು ನಿಲ್ಲಿಸಿಬಿಡುತ್ತವೆ ಎಂದು ನನಗೆ ಭಯವಾಗಿತ್ತು. ನಾನು ಯಾರ ಕಡೆಯೂ ಅಲ್ಲ ಎಂಬುದು ಸುಳ್ಳಾಗಿತ್ತು. ಗುರುಗಳ ಕೈಗೆ ಆ ಮಾತು ಸಿಕ್ಕಿದ್ದರೆ ಅಲ್ಲಿ ಕೆಂಪು ಗೆರೆ ಬೀಳುತ್ತಿತ್ತು. ಅವರಿಗೆ ಸಿಗಲಿಲ್ಲ, ಅತ್ತೆಗೆ ಸಿಕ್ಕಿತು.

ನಾನು ಬಾಟಲಿ ತೆಗೆದೆ. ಅತ್ತೆ ಬಾಯಿಗೆ ಸೆರಗು ಹಿಡಿದು ನಕ್ಕಳು.

ಅಷ್ಟರಲ್ಲಿ ಆಕೆಗೆ ಫೋನ್ ಬಂತು. ಕಾಕಾ, ವಾಡಿಯಿಂದ. ಊಟದ ಹೊತ್ತು. ಆ ದಿನದ ಡಬ್ಬಿಯನ್ನು ಅವ್ವ ಕಟ್ಟಿದ್ದಳು. ಬಸ್ಸಿನ ಸದ್ದಿನಲ್ಲಿ ಕೇಳಿಸದೆಂದು ಅತ್ತೆ ಸ್ಪೀಕರ್ ಹಾಕಿದಳು.

"ಅಕ್ಕಾ, ಪುಂಡಿಪಲ್ಯಾದಾಗ ನೀ ಏನ್ ಹಾಕ್ತಿದ್ದಿ?"

ಅತ್ತೆ ಗಂಟಲು ಸರಿಮಾಡಿಕೊಂಡಳು. "ವೈನಿ ಮಾಡಿದ ಪುಂಡಿಪಲ್ಯಾ ನಿನಗ ಹಿಡಿಸಿಲ್ಲ ಅಂತ ಅನಸ್ಲಿಕತ್ತದ."

"ಹಿಡಿಸಿಲ್ಲ ಅಂದ್ರ, ಹುಳಿ ಅಂದ್ರ ಹುಳಿ. ಇಲ್ಲಿ ಎಲ್ಲಾರೂ ಒಂದೊಂದು ತುತ್ತು ತಿಂದು ತಮ್ಮ ಡಬ್ಬಿಗಿ ಹೋದ್ರು."

"ಎಲ್ಲಾರೂ ಬಿಟ್ಟು ಹೋದ್ರು ಅಂತ ನಿನಗ ಬ್ಯಾಸರ ಆಗ್ಯಾದ."

ಆ ಕಡೆ ಒಂದು ಗೂಡ್ಸ್ ರೈಲು ಹಾದುಹೋಯಿತು. ಅದು ಮುಗಿಯುವವರೆಗೆ ಕಾಕಾ ಕಾದ.

"ಅಕ್ಕಾ, ನಿನಗೂ ಆಕಿ ರೋಗ ಹತ್ತ್ಯಾದೇನು? ಸೀದಾ ಹೇಳು. ಏನ್ ಹಾಕ್ತಿದ್ದಿ?"

ಉತ್ತರ ಅತ್ತೆಯ ನಾಲಿಗೆಯ ತುದಿಯಲ್ಲೇ ಇತ್ತು, ತುಟಿ ಅಲುಗಿದ್ದನ್ನು ನಾನು ನೋಡಿದೆ. ಇಪ್ಪತ್ತೈದು ವರ್ಷದ ರೂಢಿ. ಆ ಉತ್ತರ ಹೊರಬೀಳುವ ಮುನ್ನವೇ ಆಕೆ ನನ್ನ ಕಡೆ ಕೈ ಚಾಚಿದಳು.

ನಾನು ಬಾಟಲಿ ಕೊಟ್ಟೆ. ಅತ್ತೆ ಒಂದು ಗುಟುಕು ಕುಡಿದಳು.